ವೀರಗಲ್ಲು, ಶಾಸನಗಳ ಪಟ್ಟಿ ಹಂಚಿಕೊಳ್ಳುವಾಗ ಹೆಸರು ಉಳಿಸಿಕೊಳ್ಳುವುದು ಹೇಗೆ?

ಊರೂರು ಸುತ್ತಿ ವೀರಗಲ್ಲು (ಕಾಳಗದಲ್ಲಿ ಸತ್ತವರ ನೆನಪಿನ ಕಲ್ಲು), ಮಾಸ್ತಿಗಲ್ಲು (ಸತಿ ಹೋದವರ ನೆನಪಿನ ಕಲ್ಲು), ಶಾಸನಗಳ ಪಟ್ಟಿ ಮಾಡುವವರು ನಮ್ಮಲ್ಲಿ ತುಂಬ ಜನ ಇದ್ದಾರೆ. ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಮೇಷ್ಟ್ರುಗಳು, ರಿಟೈರ್ ಆದವರು, ಎಂಜಿನಿಯರಿಂಗ್ ಓದುತ್ತಿರುವ ಹುಡುಗರು. ಭಾನುವಾರ ಬೈಕ್ ಹತ್ತಿ ಹೋಗಿ, ಫೋಟೋ ತೆಗೆದು, ಅಳತೆ ಹಿಡಿದು, ಓದಲು ಬಂದಷ್ಟು ಓದಿ, ಎಲ್ಲವನ್ನೂ ಪುಕ್ಕಟೆಯಾಗಿ ಎಲ್ಲರಿಗೂ ಸಿಗುವ ಹಾಗೆ ಹಾಕುತ್ತಾರೆ. ಆಮೇಲೆ ಬರುವ ಪ್ರಶ್ನೆ ಯಾವಾಗಲೂ ಒಂದೇ: "ನನ್ನ ಪಟ್ಟಿಯನ್ನು ಯಾರೋ ಪೂರ್ತಿ ಎತ್ತಿಕೊಂಡು ತಮ್ಮ ಹೆಸರಲ್ಲಿ ಹಾಕಿಕೊಂಡಿದ್ದಾರೆ, ಏನು ಮಾಡಲಿ?"

ಈ ಪ್ರಶ್ನೆಗೆ ಒಳ್ಳೆ ಉತ್ತರ ಕಳುವಾದ ಮೇಲೆ ಸಿಗುವುದು ಕಡಿಮೆ. ಹಂಚುವ ಮೊದಲೇ ಮಾಡಿಡಬೇಕಾದ ಕೆಲಸಗಳೇ ಜಾಸ್ತಿ. ಅದಕ್ಕೆ ಮೊದಲಿನಿಂದ, ಹಂತ ಹಂತವಾಗಿ ಬರೆಯುತ್ತಿದ್ದೇನೆ. ಬೇಕಾಗುವುದು ಇಷ್ಟೇ: ಒಂದು ಸ್ಪ್ರೆಡ್‌ಶೀಟ್, ನಿಮ್ಮ ಮೂಲ ಫೋಟೋಗಳು, ಒಂದು ಮಧ್ಯಾಹ್ನದ ಬಿಡುವು. ವಕೀಲರು ಸದ್ಯಕ್ಕೆ ಬೇಡ.

1. ಯಾವುದು ನಿಮ್ಮದು, ಯಾವುದು ಅಲ್ಲ ಅಂತ ಬೇರೆ ಮಾಡಿ

ಹೆಚ್ಚಿನ ಜಗಳ ಶುರುವಾಗುವುದು ಇಲ್ಲೇ. ಒಂದು ವೀರಗಲ್ಲಿನ ಬಗ್ಗೆ ನೀವು ಹಾಕುವ ಒಂದು ಸಾಲಿನಲ್ಲಿ ಬೇರೆ ಬೇರೆಯವರ ಕೆಲಸ ಬೆರೆತಿರುತ್ತದೆ.

ಕಲ್ಲಿನ ಮೇಲಿನ ಬರಹಕ್ಕೆ ಕಾಪಿರೈಟ್ ಇಲ್ಲ, ಸಾವಿರ ವರ್ಷ ಹಳೆಯದು. ಕಲ್ಲು ಯಾವ ಊರಲ್ಲಿದೆ, ಎಷ್ಟು ಅಡಿ ಎತ್ತರ, ಎಷ್ಟು ಪಟ್ಟಿಕೆ (ಶಿಲ್ಪ ಕೆತ್ತಿದ ಅಡ್ಡಸಾಲು) ಇವೆ, ಕೆಳಗಿನ ಪಟ್ಟಿಕೆಯಲ್ಲಿ ತುರುಗೋಳ್ ಕೆತ್ತಿದ್ದಾರಾ ಅನ್ನುವುದೆಲ್ಲ ಬರಿಯ ಸಂಗತಿಗಳು. (ತುರುಗೋಳ್ ಅಂದರೆ ದನ ಹಿಡಿದುಕೊಂಡು ಹೋಗುವ ಕಾಳಗ.) ಸಂಗತಿಗಳಿಗೆ ಯಾರೂ ಒಡೆಯರಲ್ಲ. ಅದನ್ನು ಮೊದಲು ಕಂಡವರು ನೀವೇ ಆದರೂ ಸರಿ, ಅಳತೆ ಹಿಡಿಯಲು ಮುಳ್ಳುಪೊದೆ ಕಡಿದವರು ನೀವೇ ಆದರೂ ಸರಿ.

ನೀವು ತೆಗೆದ ಫೋಟೋ ನಿಮ್ಮದು. ನಿಮ್ಮ ಮಾತಿನಲ್ಲಿ ಬರೆದ ವಿವರಣೆ, ನೀವೇ ಗೆರೆ ಎಳೆದು ಮಾಡಿದ ನಕ್ಷೆ ಕೂಡ ನಿಮ್ಮವೇ. ಇವಕ್ಕೆ ನೋಂದಣಿ ಬೇಕಿಲ್ಲ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಬರೆದ ಕ್ಷಣ, ಕ್ಲಿಕ್ಕಿಸಿದ ಕ್ಷಣವೇ ಹಕ್ಕು ಬರುತ್ತದೆ. ನೀವು ಬದುಕಿರುವವರೆಗೂ ಇರುತ್ತದೆ, ಆಮೇಲೆ ಇನ್ನೂ 60 ವರ್ಷ.

ಪಟ್ಟಿಯ ಕಥೆ ನಡುವಿನದು. ಕಾಯ್ದೆಯಲ್ಲಿ "ಸಾಹಿತ್ಯ ಕೃತಿ" ಅನ್ನುವುದರೊಳಗೆ ಕೋಷ್ಟಕ, ಸಂಕಲನ, ಕಂಪ್ಯೂಟರ್ ಡೇಟಾಬೇಸ್ ಎಲ್ಲವೂ ಸೇರಿವೆ. ಆದರೆ 2007ರ ಡಿಸೆಂಬರ್‌ನಲ್ಲಿ ಈಸ್ಟರ್ನ್ ಬುಕ್ ಕಂಪನಿ ಮತ್ತು ಮೋದಕ್ ನಡುವಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು: ಬೆವರು ಸುರಿಸಿದರೆ ಸಾಲದು, ಆಯ್ಕೆಯಲ್ಲೋ ಜೋಡಣೆಯಲ್ಲೋ ಸ್ವಲ್ಪವಾದರೂ ಸ್ವಂತ ಬುದ್ಧಿ ಕಾಣಬೇಕು. ಊರುಗಳನ್ನು ಅಕಾರಾದಿಯಾಗಿ ಇಟ್ಟ ಪಟ್ಟಿಗೆ ರಕ್ಷಣೆ ಸಿಗುವುದು ಕಷ್ಟ. ಶಿಲ್ಪದ ಶೈಲಿ, ಕಾಳಗದ ಬಗೆ, ಆಯುಧ ನೋಡಿ ನೀವೇ ಗುಂಪು ಮಾಡಿದ್ದರೆ ಆ ವಿಂಗಡಣೆಗೆ ಬಲ ಇದೆ. ಯುರೋಪಿನಲ್ಲಿ 1996ರಿಂದ ಡೇಟಾಬೇಸಿಗೇ ಪ್ರತ್ಯೇಕ ಹಕ್ಕು ಇದೆ, ನಮ್ಮಲ್ಲಿ ಅಂಥದ್ದಿಲ್ಲ.

ಇನ್ನು ಶಾಸನದ ಓದು. ಬಿ. ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ ಹಳೆಯ ಸಂಪುಟಗಳು ಈಗ ಎಲ್ಲರ ಸ್ವತ್ತು. ರೈಸ್ ತೀರಿಕೊಂಡದ್ದು 1927ರಲ್ಲಿ, 60 ವರ್ಷದ ಅವಧಿ ಎಂದೋ ಮುಗಿದಿದೆ. ಆದರೆ 1970ರ ದಶಕದಿಂದ ಮೈಸೂರು ವಿಶ್ವವಿದ್ಯಾಲಯ ತಂದ ಪರಿಷ್ಕೃತ ಸಂಪುಟಗಳ ಪೀಠಿಕೆ, ಅನುವಾದ, ಟಿಪ್ಪಣಿ ಹಾಗಲ್ಲ. ಅವನ್ನು ಪುಟಗಟ್ಟಲೆ ನಕಲು ಮಾಡಿ "ನನ್ನ ಪಟ್ಟಿ" ಅಂತ ಹಾಕುವ ಹಾಗಿಲ್ಲ. ಸವೆದ ಅಕ್ಷರಗಳನ್ನು ಊಹಿಸಿ ತುಂಬಿಸಿದ ಪಾಠಕ್ಕೂ ಹಕ್ಕು ಬರಬಹುದಾ ಅಂತ ಕೇಳುವವರಿದ್ದಾರೆ. ಇಸ್ರೇಲಿನಲ್ಲಿ ಮೃತ ಸಮುದ್ರದ ಸುರುಳಿಗಳು ಅನ್ನುವ ಪ್ರಾಚೀನ ಹಸ್ತಪ್ರತಿಗಳ ಒಂದು ಪಾಠವನ್ನು ಹೀಗೆ ಪುನರ್‌ರಚಿಸಿದ ವಿದ್ವಾಂಸ ಎಲಿಷಾ ಕಿಮ್ರಾನ್ ಪರವಾಗಿ ಅಲ್ಲಿನ ಸುಪ್ರೀಂ ಕೋರ್ಟ್ 2000ದಲ್ಲಿ ತೀರ್ಪು ಕೊಟ್ಟಿತು. ಅದು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ಇನ್ನೊಬ್ಬರು ತುಂಬಿಸಿದ ಪಾಠ ಬಳಸುವಾಗ ಅವರ ಹೆಸರು ಹೇಳಲೇಬೇಕು ಅನ್ನುವುದಕ್ಕೆ ಕೋರ್ಟು ಯಾಕೆ ಬೇಕು ಹೇಳಿ?

2. ನಿಮಗಿಂತ ಮೊದಲಿನವರ ಹೆಸರು ಮೊದಲು ಹಾಕಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಸ್ವಂತ ಪಟ್ಟಿಯಲ್ಲೇ ಮೂಲ ಹೇಳದವರು ಬೇರೆಯವರ ಮೇಲೆ ದೂರು ಒಯ್ದರೆ ಯಾರೂ ಕಿವಿ ಕೊಡುವುದಿಲ್ಲ.

ಶೀಟಿನಲ್ಲಿ "ಮೂಲ" ಅಂತ ಒಂದು ಕಾಲಂ ಮಾಡಿ. ಪ್ರತಿ ಸಾಲಿಗೂ ತುಂಬಿಸಿ, ಕೊನೆಯಲ್ಲಿ ಒಟ್ಟಿಗೆ "ಹಲವು ಪುಸ್ತಕಗಳಿಂದ" ಅಂತ ಬರೆದರೆ ಉಪಯೋಗ ಇಲ್ಲ. ಎಪಿಗ್ರಾಫಿಯಾ ಕರ್ನಾಟಿಕಾ ಆದರೆ ಸಂಪುಟ, ತಾಲ್ಲೂಕು, ಶಾಸನ ಸಂಖ್ಯೆ, ಜೊತೆಗೆ ಹಳೆಯದೋ ಪರಿಷ್ಕೃತವೋ ಅನ್ನುವುದು ಇರಲೇಬೇಕು. ಎರಡರ ಸಂಪುಟ ಸಂಖ್ಯೆಗಳು ಹೊಂದುವುದಿಲ್ಲ. ಹಳೆಯ 5ನೇ ಸಂಪುಟ ಹಾಸನ ಜಿಲ್ಲೆಯದು, ಪರಿಷ್ಕೃತ 5 ತೆಗೆದರೆ ಬೇರೆಯೇ ಜಿಲ್ಲೆ. ಸುಮ್ನೆ "ಎ.ಕ. 5" ಅಂತ ಬರೆದಿಟ್ಟರೆ ನಿಮ್ಮ ನಂತರ ಹುಡುಕುವವರು ಒಂದು ದಿನ ಕಳೆದುಕೊಳ್ಳುತ್ತಾರೆ.

ಕಲ್ಲು ತೋರಿಸಿದವರನ್ನೂ ಮರೆಯಬೇಡಿ. ಹೊಲದ ಯಜಮಾನರು, ದೇವಸ್ಥಾನದ ಪೂಜಾರಿಗಳು, ದನ ಮೇಯಿಸುವ ಅಜ್ಜ, ಇವರು ಹೇಳದಿದ್ದರೆ ಅರ್ಧ ಕಲ್ಲುಗಳು ಸಿಗುತ್ತಲೇ ಇರಲಿಲ್ಲ ಅಲ್ವಾ. "ಅಜ್ಜಾ, ನಿಮ್ಮ ಹೆಸರು ಹಾಕಬಹುದಾ?" ಅಂತ ಒಂದು ಮಾತು ಕೇಳಿ. ಒಪ್ಪಿದರೆ ಹೆಸರು, ಒಪ್ಪದಿದ್ದರೆ "ಊರಿನವರೊಬ್ಬರು ತೋರಿಸಿದ್ದು". ಫೋನ್ ನಂಬರ್ ಮಾತ್ರ ಎಂದೂ ಬೇಡ.

ಈಗ ನಮ್ಮವರ ಒಂದು ಕೆಟ್ಟ ಚಾಳಿ. "ಚಿತ್ರ ಕೃಪೆ: ಗೂಗಲ್". "ಕೃಪೆ: ಅಂತರ್ಜಾಲ". "ಕೃಪೆ: ವಾಟ್ಸಾಪ್". ಗೂಗಲ್ ಯಾವ ಊರಿಗೂ ಬಂದು ವೀರಗಲ್ಲಿನ ಫೋಟೋ ತೆಗೆದಿಲ್ಲ. ಹುಡುಕಾಟದಲ್ಲಿ ಸಿಕ್ಕ ಚಿತ್ರದ ಮೇಲೆ ಒತ್ತಿ, ಅದು ಇರುವ ಪುಟಕ್ಕೆ ಹೋಗಿ, ತೆಗೆದವರ ಹೆಸರು ನೋಡಿ. ಸಿಗದಿದ್ದರೆ ಚಿತ್ರದಿಂದ ಚಿತ್ರ ಹುಡುಕುವ ಸೌಲಭ್ಯ ಬಳಸಿ. ಆಗಲೂ ಸಿಗದಿದ್ದರೆ ಆ ಚಿತ್ರ ಬಿಟ್ಟುಬಿಡಿ. ಇನ್ನೂ ಒಂದು ಇದೆ, "ಸಂಗ್ರಹ" ಅಂತ ಬರೆದು ಕೆಳಗೆ ತಮ್ಮ ಹೆಸರು ಹಾಕುವುದು. ಫಾರ್ವರ್ಡ್ ಮಾಡಿದ್ದು ಸಂಗ್ರಹ ಆಗುವುದಿಲ್ಲ ಸ್ವಾಮಿ.

3. ಫೋಟೋಗಳನ್ನು ತಯಾರು ಮಾಡಿ

ಕ್ಯಾಮೆರಾದಿಂದ ಬಂದ ಮೂಲ ಫೈಲನ್ನು ಯಾರಿಗೂ ಕೊಡಬೇಡಿ, ಎರಡು ಕಡೆ ಕಾಪಿ ಇಟ್ಟುಕೊಳ್ಳಿ. ಹಂಚಲು ಬೇರೆ ಸಣ್ಣ ಪ್ರತಿ ಮಾಡಿ. ಅಗಲ 1600 ಪಿಕ್ಸೆಲ್ ಇದ್ದರೆ ಪರದೆಯ ಮೇಲೆ ನೋಡಲು ಸಾಕು. ಮುಂದೆ ಯಾರಾದರೂ "ಇದು ನನ್ನ ಫೋಟೋ" ಅಂದರೆ ಪೂರ್ತಿ ಗಾತ್ರದ ಮೂಲ ಫೈಲು ನಿಮ್ಮ ಹತ್ತಿರ ಮಾತ್ರ ಇರುತ್ತದೆ, ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಪ್ರತಿ ಫೋಟೋ ಫೈಲಿನೊಳಗೆ ಕಣ್ಣಿಗೆ ಕಾಣದ ವಿವರಗಳು ಅಡಗಿರುತ್ತವೆ. ತೆಗೆದ ದಿನ, ಕ್ಯಾಮೆರಾ, ಕೆಲವೊಮ್ಮೆ ಜಾಗದ ಅಕ್ಷಾಂಶ ರೇಖಾಂಶ. ಇದಕ್ಕೆ ಮೆಟಾಡೇಟಾ ಅನ್ನುತ್ತಾರೆ. ಅದರಲ್ಲಿ ತೆಗೆದವರ ಹೆಸರಿಗೂ ಒಂದು ಜಾಗ ಇದೆ, ತುಂಬಿಸಿ. ಆದರೆ ಅದನ್ನೇ ನಂಬಿ ಕೂರಬೇಡಿ: ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದೆಲ್ಲ ಅಳಿಸಿ ಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ.

ಚಿತ್ರದ ಮೇಲೆ ಹೆಸರು ಅಚ್ಚೊತ್ತುವುದು, ಅಂದರೆ ವಾಟರ್‌ಮಾರ್ಕ್, ಹಾಕಬೇಕಾ? ಹಾಕಿ, ಮೂಲೆಯಲ್ಲಿ, ಸಣ್ಣದಾಗಿ. ಶಾಸನದ ಅಕ್ಷರಗಳ ಮೇಲೆಯೇ ದಪ್ಪಗೆ ಹೆಸರು ಬರೆದುಕೊಳ್ಳುವವರನ್ನು ಕಂಡರೆ ನನಗೆ ಅರ್ಥವಾಗುವುದಿಲ್ಲ. ಓದಲು ಬಾರದ ಶಾಸನದ ಫೋಟೋ ಯಾರಿಗೆ ಬೇಕು?

ಗೆಳೆಯರು ನಿಮ್ಮ ಮೊಬೈಲಿನಲ್ಲಿ ಕ್ಲಿಕ್ಕಿಸಿದ ಫೋಟೋ ಇದ್ದರೆ ಅದರ ಹಕ್ಕು ಸಾಮಾನ್ಯವಾಗಿ ಕ್ಲಿಕ್ಕಿಸಿದವರದು, ಮೊಬೈಲ್ ನಿಮ್ಮದಾದ ಮಾತ್ರಕ್ಕೆ ನಿಮ್ಮದಾಗದು. ಗುಂಪಾಗಿ ಹೋದಾಗ ಯಾರು ಯಾವುದು ತೆಗೆದರು ಅಂತ ಅಂದೇ ಬರೆದಿಡಿ.

(ಹಾಗೇ ಒಂದು ಮಾತು: ಅಕ್ಷರ ಎದ್ದು ಕಾಣಲಿ ಅಂತ ಕಲ್ಲಿಗೆ ಸುಣ್ಣ, ಬಣ್ಣ, ಎಣ್ಣೆ ಬಳಿಯಬೇಡಿ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಸಾಕು. ಬಿಸಿಲಿಲ್ಲದ ಕಡೆ ಪಕ್ಕದಿಂದ ಟಾರ್ಚ್ ಹಿಡಿಯಿರಿ.)

4. ಜಾಗದ ವಿವರ ಎಷ್ಟು ಕೊಡಬೇಕು?

ಕಾಯಬೇಕಾದದ್ದು ನಿಮ್ಮ ಹೆಸರು ಮಾತ್ರ ಅಲ್ಲ, ಕಲ್ಲನ್ನೂ ಕಾಯಬೇಕು. ನಿಧಿಗಳ್ಳರ ಕಾಟ ನಿಮಗೆ ಗೊತ್ತೇ ಇದೆ. ಶಾಸನ ಅಂದರೆ ನಿಧಿಯ ಸುಳಿವು ಅಂತ ನಂಬಿ ರಾತ್ರೋರಾತ್ರಿ ಅಗೆಯುವವರು, ಚಂದದ ಶಿಲ್ಪ ಕಂಡರೆ ಮಾರಲು ಕೀಳುವವರು ಇದ್ದಾರೆ. ನೀವು ಮೀಟರ್ ಲೆಕ್ಕದಲ್ಲಿ ಜಾಗ ಹಾಕಿದರೆ ಅವರ ಅರ್ಧ ಕೆಲಸ ನೀವೇ ಮಾಡಿಕೊಟ್ಟಂತೆ.

ಹೀಗೆ ಮಾಡಿ. ಊರೊಳಗಿನ ದೇವಸ್ಥಾನದ ಆವರಣದಲ್ಲಿದ್ದು, ಹಳೆಯ ಸಂಪುಟಗಳಲ್ಲಿ ಆಗಲೇ ಅಚ್ಚಾಗಿರುವ ಕಲ್ಲಾದರೆ ಜಾಗ ಪೂರ್ತಿ ಹಾಕಿ, ತೊಂದರೆ ಇಲ್ಲ. ಕಾಡಂಚಿನಲ್ಲೋ, ಕೆರೆ ಏರಿಯ ಪೊದೆಯಲ್ಲೋ ಒಂಟಿಯಾಗಿ ನಿಂತಿರುವ, ಎಲ್ಲೂ ದಾಖಲಾಗದ ಕಲ್ಲಾದರೆ ಗ್ರಾಮ, ತಾಲ್ಲೂಕು ಅಷ್ಟೇ ಸಾಕು. ನಿಖರ ಜಾಗವನ್ನು ನಿಮ್ಮ ಖಾಸಗಿ ಶೀಟಿನಲ್ಲಿಟ್ಟು, ರಾಜ್ಯ ಪುರಾತತ್ವ ಇಲಾಖೆಗೆ ಒಂದು ಪತ್ರದಲ್ಲಿ ತಿಳಿಸಿ. ಆ ಪತ್ರದ ನಕಲು ಇಟ್ಟುಕೊಳ್ಳಿ, ಮೊದಲು ಗಮನಕ್ಕೆ ತಂದವರು ನೀವು ಅನ್ನುವುದಕ್ಕೆ ಅದೇ ದಾಖಲೆ.

ಇಲ್ಲಿ ಜನ ಎಡವುವುದು ಫೋಟೋದಲ್ಲಿ. ಶೀಟಿನಲ್ಲಿ ಜಾಗ ಮುಚ್ಚಿಟ್ಟು, ಫೋಟೋದ ಮೆಟಾಡೇಟಾದಲ್ಲಿ ಜಾಗ ಹಾಗೇ ಬಿಟ್ಟಿರುತ್ತಾರೆ. ಹಂಚುವ ಪ್ರತಿಯಿಂದ ಅದನ್ನು ತೆಗೆದುಹಾಕಿ, ಹೆಸರು ಮಾತ್ರ ಉಳಿಸಿ.

5. ಲೈಸೆನ್ಸ್ ಆರಿಸಿ

ಲೈಸೆನ್ಸ್ ಅಂದರೆ "ನನ್ನ ಕೆಲಸವನ್ನು ಈ ಷರತ್ತುಗಳ ಮೇಲೆ ಬಳಸಿಕೊಳ್ಳಿ" ಅನ್ನುವ ಅನುಮತಿ ಪತ್ರ. ಸ್ವಂತವಾಗಿ ಬರೆಯುವ ಸಾಹಸ ಬೇಡ. ಕ್ರಿಯೇಟಿವ್ ಕಾಮನ್ಸ್ ಅನ್ನುವ ಸಂಸ್ಥೆ 2002ರಿಂದಲೇ ಸಿದ್ಧ ಲೈಸೆನ್ಸ್‌ಗಳನ್ನು ಕೊಡುತ್ತಿದೆ, ಈಗ 4.0 ಆವೃತ್ತಿ ಬಳಕೆಯಲ್ಲಿದೆ. ನಾಲ್ಕು ತುಂಡುಗಳು ಗೊತ್ತಿದ್ದರೆ ಸಾಕು:

ಬೈ: ಹೆಸರು ಹೇಳಿ ಬಳಸಿ.
ಎಸ್‌ಎ: ಬದಲಾಯಿಸಿ ಹಂಚಿದರೆ ಇದೇ ಷರತ್ತಿನಲ್ಲಿ ಹಂಚಿ.
ಎನ್‌ಸಿ: ವ್ಯಾಪಾರಕ್ಕೆ ಬೇಡ.
ಎನ್‌ಡಿ: ಬದಲಾಯಿಸಿದ್ದನ್ನು ಹಂಚಬೇಡಿ.

ಇದಲ್ಲದೆ ಸಿಸಿ ಸೊನ್ನೆ ಅಂತ ಒಂದಿದೆ (ಸಿಸಿ ಅಂದರೆ ಕ್ರಿಯೇಟಿವ್ ಕಾಮನ್ಸ್), ಅದರಲ್ಲಿ ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟ ಹಾಗೆ, ಹೆಸರು ಹೇಳಲೇಬೇಕು ಅಂತಲೂ ಕೇಳುವಂತಿಲ್ಲ.

ಹೆಚ್ಚಿನವರು ಭಯಕ್ಕೆ ಎನ್‌ಸಿ, ಎನ್‌ಡಿ ಎರಡನ್ನೂ ಸೇರಿಸಿ ಹಾಕುತ್ತಾರೆ. ನನ್ನ ಸಲಹೆ ಬೇಡ ಅಂತ. ಎನ್‌ಡಿ ಹಾಕಿದರೆ ನಿಮ್ಮ ವಿವರಣೆಯನ್ನು ಇಂಗ್ಲಿಷಿಗೋ ತಮಿಳಿಗೋ ಅನುವಾದಿಸಿ ಹಂಚಲೂ ಆಗುವುದಿಲ್ಲ. ಎನ್‌ಸಿ ಅಥವಾ ಎನ್‌ಡಿ ಇರುವ ಫೋಟೋವನ್ನು ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ಭಂಡಾರವಾದ ವಿಕಿಮೀಡಿಯ ಕಾಮನ್ಸ್ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ನಿಮ್ಮ ಊರಿನ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಲೇಖನ ಬರೆಯುವವರಿಗೆ ನಿಮ್ಮ ಚಿತ್ರ ಸಿಗದು. ಪಟ್ಟಿಗೆ ಸಿಸಿ ಬೈ, ಫೋಟೋ ಮತ್ತು ಬರಹಕ್ಕೆ ಸಿಸಿ ಬೈ-ಎಸ್‌ಎ, ಹವ್ಯಾಸಿಗಳಿಗೆ ಇದು ಹದವಾಗಿ ಹೊಂದುತ್ತದೆ. ಯಾರಾದರೂ ನಿಮ್ಮ ಫೋಟೋ ಹಾಕಿ ಕ್ಯಾಲೆಂಡರ್ ಮಾರಿದರೆ ಹೊಟ್ಟೆ ಉರಿಯುತ್ತದೆ ಅನ್ನುವುದಾದರೆ ಫೋಟೋಗಳಿಗೆ ಮಾತ್ರ ಎನ್‌ಸಿ ಸೇರಿಸಿ.

ಎರಡು ಎಚ್ಚರಿಕೆ. ಒಮ್ಮೆ ಕೊಟ್ಟ ಕ್ರಿಯೇಟಿವ್ ಕಾಮನ್ಸ್ ಅನುಮತಿ ವಾಪಸ್ ಬರುವುದಿಲ್ಲ. ನಾಳೆಯಿಂದ ಬೇರೆ ಲೈಸೆನ್ಸಿನಲ್ಲಿ ಹಂಚಬಹುದು, ಆದರೆ ನಿನ್ನೆ ತೆಗೆದುಕೊಂಡವರನ್ನು ತಡೆಯಲಾಗದು. ಆಮೇಲೆ, ನಿಮ್ಮದಲ್ಲದ್ದಕ್ಕೆ ನೀವು ಲೈಸೆನ್ಸ್ ಕೊಡಲು ಬರುವುದಿಲ್ಲ, ಗೆಳೆಯರ ಫೋಟೋಗೆ ಅವರ ಒಪ್ಪಿಗೆ ಬರಹದಲ್ಲಿ ಇರಲಿ, ವಾಟ್ಸಾಪ್ ಮೆಸೇಜ್ ಆದರೂ ಸರಿ.

"ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ" ಅಂತ ಮೇಲೆ ಬರೆದು, ಕೆಳಗೆ "ಎಲ್ಲರೂ ಧಾರಾಳವಾಗಿ ಬಳಸಿಕೊಳ್ಳಿ" ಅನ್ನುವವರೂ ಇದ್ದಾರೆ. ಎರಡರಲ್ಲಿ ಒಂದನ್ನು ಹೇಳಿ. ಫೇಸ್‌ಬುಕ್‌ನಲ್ಲಿ ಆಗಾಗ ಸುತ್ತುವ "ನನ್ನ ಫೋಟೋ ಬಳಸಲು ಅನುಮತಿ ಇಲ್ಲವೆಂದು ಈ ಮೂಲಕ ಘೋಷಿಸುತ್ತೇನೆ" ಅನ್ನುವ ಪೋಸ್ಟ್‌ಗೆ ಕವಡೆ ಕಿಮ್ಮತ್ತಿಲ್ಲ.

6. ಹೆಸರು ಹಾಕುವ ಸಾಲನ್ನು ನೀವೇ ಬರೆದುಕೊಡಿ

ಅರ್ಧದಷ್ಟು ಜನ ಹೆಸರು ಹಾಕದಿರುವುದು ಕಳ್ಳತನದಿಂದಲ್ಲ, ಸೋಮಾರಿತನದಿಂದ. ಅವರಿಗೆ ಕೆಲಸ ಹಗುರ ಮಾಡಿಕೊಡಿ. ಶೀಟಿನ ಮೊದಲ ಸಾಲಿನಲ್ಲಿ, ಪಿಡಿಎಫ್‌ನ ಪ್ರತಿ ಪುಟದ ಅಡಿಯಲ್ಲಿ ಇದನ್ನು ಹಾಕಿ:

"ಈ ಮಾಹಿತಿ ಬಳಸಿದರೆ ಹೀಗೆ ಉಲ್ಲೇಖಿಸಿ: (ನಿಮ್ಮ ಹೆಸರು), (ತಾಲ್ಲೂಕಿನ ಹೆಸರು) ತಾಲ್ಲೂಕಿನ ವೀರಗಲ್ಲುಗಳ ಪಟ್ಟಿ, ಆವೃತ್ತಿ 3, (ತಿಂಗಳು, ವರ್ಷ), (ಲಿಂಕ್), ಸಿಸಿ ಬೈ 4.0."

ಹೆಸರು, ಶೀರ್ಷಿಕೆ, ಲಿಂಕ್, ಲೈಸೆನ್ಸ್, ಈ ನಾಲ್ಕು ಇರಲೇಬೇಕು. ಎಲ್ಲ ಕಡೆ ಒಂದೇ ಹೆಸರು ಬಳಸಿ. ಒಂದು ಕಡೆ ಕಾವ್ಯನಾಮ, ಇನ್ನೊಂದು ಕಡೆ ಇನಿಷಿಯಲ್, ಮತ್ತೊಂದು ಕಡೆ ಪೇಜಿನ ಹೆಸರು ಇದ್ದರೆ ಉಲ್ಲೇಖಿಸುವವರು ಯಾವುದನ್ನು ಹಾಕಬೇಕು?

7. ದಿನಾಂಕದ ಸಾಕ್ಷಿ ಇಟ್ಟುಕೊಳ್ಳಿ

ಪಟ್ಟಿ ಪ್ರಕಟಿಸಿದ ದಿನವೇ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ಗೆ ಹೋಗಿ ನಿಮ್ಮ ಪುಟದ ಲಿಂಕ್ ಕೊಟ್ಟು ಉಳಿಸಿ. ಅದು ಪುಟದ ಪ್ರತಿಯನ್ನು ದಿನಾಂಕದ ಸಮೇತ ಇಟ್ಟುಕೊಳ್ಳುತ್ತದೆ, ಖರ್ಚಿಲ್ಲ. ಫೇಸ್‌ಬುಕ್ ಗ್ರೂಪಿನೊಳಗಿನ ಪೋಸ್ಟ್ ಹೀಗೆ ಉಳಿಯುವುದಿಲ್ಲ, ಆದ್ದರಿಂದ ಪಟ್ಟಿಯ ಮೂಲ ಪ್ರತಿ ಯಾವಾಗಲೂ ಲಾಗಿನ್ ಇಲ್ಲದೆ ತೆರೆಯುವ ಪುಟದಲ್ಲಿರಲಿ.

ಪಟ್ಟಿ ದೊಡ್ಡದಾಗಿದ್ದರೆ ಜೆನೋಡೊಗೆ ಹಾಕಿ. ಯುರೋಪಿನ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದವರು 2013ರಿಂದ ನಡೆಸುತ್ತಿರುವ ಉಚಿತ ಭಂಡಾರ ಅದು. ಅಲ್ಲಿ ಡಿಒಐ ಕೊಡುತ್ತಾರೆ, ಅಂದರೆ ನಿಮ್ಮ ಪಟ್ಟಿಗೆ ಎಂದೂ ಬದಲಾಗದ ಒಂದು ಗುರುತಿನ ಸಂಖ್ಯೆ. ಪಿಎಚ್‌ಡಿ ಮಾಡುವವರು ಉಲ್ಲೇಖಿಸಲು ಇಷ್ಟಪಡುವುದು ಇಂಥದ್ದನ್ನೇ. ಹೊಸ ಆವೃತ್ತಿ ಹಾಕಿದರೂ ಹಳೆಯದು ಅಲ್ಲೇ ಇರುತ್ತದೆ.

ಕದ್ದವರನ್ನು ಹಿಡಿಯಲು ಪಟ್ಟಿಯಲ್ಲಿ ಬೇಕಂತಲೇ ಒಂದೆರಡು ಸುಳ್ಳು ಸಾಲು ಸೇರಿಸಿ ಅಂತ ಕೆಲವರು ಉಪದೇಶ ಮಾಡುತ್ತಾರೆ. ನಕ್ಷೆ ಮಾಡುವ ಕಂಪನಿಗಳು ಇದನ್ನು ಹಿಂದಿನಿಂದ ಮಾಡಿಕೊಂಡು ಬಂದಿವೆ. 1930ರ ದಶಕದಲ್ಲಿ ಅಮೆರಿಕದ ಜನರಲ್ ಡ್ರಾಫ್ಟಿಂಗ್ ಕಂಪನಿ ನ್ಯೂಯಾರ್ಕ್ ರಾಜ್ಯದ ನಕ್ಷೆಯಲ್ಲಿ ಅಗ್ಲೋ ಅಂತ ಇಲ್ಲದ ಊರನ್ನು ಸೇರಿಸಿತು. ಕೊನೆಗೆ ಆ ನಕ್ಷೆ ನೋಡಿಯೇ ಅಲ್ಲೊಬ್ಬರು ಅಗ್ಲೋ ಜನರಲ್ ಸ್ಟೋರ್ ಅಂತ ಅಂಗಡಿ ತೆರೆದರು, ಇಲ್ಲದ ಊರು ನಿಜವಾಯಿತು! ಕೇಳಲು ತಮಾಷೆ. ಆದರೆ ನೀವು ಸೇರಿಸಿದ ಸುಳ್ಳು ವೀರಗಲ್ಲು ನಾಳೆ ಯಾರದೋ ಪ್ರಬಂಧದಲ್ಲಿ ಗಂಗರ ಕಾಲದ ಆಧಾರ ಆಗಿ ಕೂತರೆ? ಮಾಡಲೇಬೇಡಿ. ನಿಮ್ಮ ವಾಕ್ಯಗಳು, ನೀವು ಊರಿನ ಹೆಸರು ಬರೆಯುವ ರೀತಿ, ನಿಮ್ಮ ಸಾಲುಗಳ ಕ್ರಮ, ಕಣ್ತಪ್ಪಿ ಉಳಿದ ಕಾಗುಣಿತದ ತಪ್ಪು, ಇವೇ ಸಾಕಷ್ಟು ಗುರುತು ಕೊಡುತ್ತವೆ.

8. ಯಾರಾದರೂ ಎತ್ತಿಕೊಂಡಾಗ

ಮೊದಲು ಸಾಕ್ಷಿ. ಲಿಂಕ್, ದಿನಾಂಕ ಕಾಣುವ ಸ್ಕ್ರೀನ್‌ಶಾಟ್, ಸಾಧ್ಯವಾದರೆ ವೇಬ್ಯಾಕ್ ಪ್ರತಿ. ಕಾಮೆಂಟಿನಲ್ಲಿ ಜಗಳ ತೆಗೆದ ಮೇಲೆ ಸ್ಕ್ರೀನ್‌ಶಾಟ್ ತೆಗೆಯಲು ಹೋದರೆ ಪೋಸ್ಟೇ ಇರುವುದಿಲ್ಲ.

ಆಮೇಲೆ ತಣ್ಣಗೆ ಕೂತು ನೋಡಿ, ಅವರು ತೆಗೆದುಕೊಂಡದ್ದು ಸಂಗತಿಯೋ, ನಿಮ್ಮ ಬರಹವೋ, ಫೋಟೋನೋ? ಬರೀ ಊರು, ಅಳತೆ ತೆಗೆದುಕೊಂಡು ತಮ್ಮ ಮಾತಿನಲ್ಲಿ ಬರೆದಿದ್ದರೆ ಕಾನೂನಿನಲ್ಲಿ ಹಿಡಿತ ಕಡಿಮೆ. ಸೌಜನ್ಯಕ್ಕೆ ಹೆಸರು ಹಾಕಿ ಅಂತ ಕೇಳಬಹುದು, ಬೆದರಿಸಬೇಡಿ. ನಿಮ್ಮ ಪ್ಯಾರಾಗಳನ್ನೇ ಯೂಟ್ಯೂಬ್ ವಿಡಿಯೋದಲ್ಲಿ ಓದಿದ್ದರೆ, ವಾಟರ್‌ಮಾರ್ಕ್ ಕತ್ತರಿಸಿ ಫೋಟೋ ಹಾಕಿದ್ದರೆ ಮಾತೇ ಬೇರೆ.

ಮೊದಲ ಸಂದೇಶ ಖಾಸಗಿಯಾಗಿ, ಹೀಗಿರಲಿ: "ನಮಸ್ಕಾರ. ನೀವು ಹಾಕಿರುವ ಪೋಸ್ಟಿನ ಮೂರು ಫೋಟೋ ಮತ್ತು ವಿವರಣೆ ನನ್ನ ಪಟ್ಟಿಯಿಂದ ಬಂದಿವೆ, ಮೂಲದ ಲಿಂಕ್ ಇಲ್ಲಿದೆ. ಹೆಸರು ಹೇಳಿ ಬಳಸಲು ನನ್ನ ಒಪ್ಪಿಗೆ ಇದೆ. ದಯವಿಟ್ಟು ಈ ಸಾಲನ್ನು ಸೇರಿಸಿ." ಕೆಳಗೆ 6ನೇ ಹಂತದ ಸಾಲು. ಒಂದು ವಾರ ಕಾಯಿರಿ. ಪತ್ರಿಕೆಯಲ್ಲಿ ಬಂದಿದ್ದರೆ ಬರೆದವರ ಜೊತೆಗೆ ಸಂಪಾದಕರಿಗೂ ಬರೆಯಿರಿ, ತಿದ್ದುಪಡಿ ಕೇಳಿ. ಗ್ರೂಪಾದರೆ ಅಡ್ಮಿನ್‌ಗೆ. ಅಳಿಸಿ ಅನ್ನುವುದಕ್ಕಿಂತ ಹೆಸರು ಸೇರಿಸಿ ಅಂತ ಕೇಳುವುದೇ ಹವ್ಯಾಸಿಗೆ ಲಾಭ, ಓದುವವರು ನಿಮ್ಮ ಪಟ್ಟಿಗೂ ಬರುತ್ತಾರೆ.

ಜಗ್ಗದಿದ್ದರೆ ಆ ತಾಣದ ಕಾಪಿರೈಟ್ ದೂರಿನ ಫಾರಂ ತುಂಬಿ. ಫೇಸ್‌ಬುಕ್, ಯೂಟ್ಯೂಬ್ ಎರಡಕ್ಕೂ ಇದೆ. ನಿಮ್ಮದಲ್ಲದ್ದನ್ನು ನಿಮ್ಮದು ಅಂತ ದೂರಿದರೆ ನಿಮ್ಮ ಖಾತೆಗೇ ಕುತ್ತು ಬರಬಹುದು, ಅದಕ್ಕೇ 1ನೇ ಹಂತ ಅಷ್ಟು ಉದ್ದ ಬರೆದದ್ದು. ನಮ್ಮ ಕಾಯ್ದೆಯಲ್ಲೂ ದಾರಿ ಇದೆ: 52ನೇ ಸೆಕ್ಷನ್ ಮತ್ತು 2013ರ ನಿಯಮಗಳ 75ನೇ ನಿಯಮದಂತೆ ಲಿಖಿತ ದೂರು ಕೊಟ್ಟರೆ, ದೂರು ಸರಿ ಅನ್ನಿಸಿದಾಗ ತಾಣದವರು 36 ಗಂಟೆಯೊಳಗೆ ಅದನ್ನು ತಡೆಹಿಡಿಯಬೇಕು. ಆದರೆ ಅದು 21 ದಿನಕ್ಕೆ ಮಾತ್ರ. ಅಷ್ಟರಲ್ಲಿ ಕೋರ್ಟ್ ಆದೇಶ ತರುತ್ತೇನೆ ಅಂತ ನೀವು ದೂರಿನಲ್ಲೇ ಮುಚ್ಚಳಿಕೆ ಬರೆದುಕೊಡಬೇಕು. ಇದು ಗೊತ್ತಿಲ್ಲದೆ ದೂರು ಕೊಟ್ಟು, ಮೂರು ವಾರದ ನಂತರ ಪೋಸ್ಟ್ ಮತ್ತೆ ಬಂದಾಗ ಕಂಗಾಲಾಗುವವರಿದ್ದಾರೆ.

ಕೋರ್ಟು ಕೊನೆಯ ಮೆಟ್ಟಿಲು. ಯಾರಾದರೂ ನಿಮ್ಮ ಪಟ್ಟಿಯನ್ನು ಪುಸ್ತಕ ಮಾಡಿ ಮಾರುತ್ತಿದ್ದರೆ ಯೋಚಿಸಿ. ಆಗ 57ನೇ ಸೆಕ್ಷನ್ ನೆನಪಿರಲಿ. ಕಾಪಿರೈಟನ್ನು ಬೇರೆಯವರಿಗೆ ಬರೆದುಕೊಟ್ಟಿದ್ದರೂ "ಇದನ್ನು ಬರೆದವನು ನಾನು" ಅಂತ ಹೇಳಿಕೊಳ್ಳುವ ಹಕ್ಕು ಅದರಲ್ಲಿದೆ. ನೀವು ವಾಸಿಸುವ ಜಿಲ್ಲೆಯ ಕೋರ್ಟಿನಲ್ಲೇ ದಾವೆ ಹಾಕಬಹುದು, ಎದುರಿನವರ ಊರಿಗೆ ಅಲೆಯಬೇಕಿಲ್ಲ.

9. ನಿಮ್ಮ ನಂತರ

ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ಪಟ್ಟಿ ಒಂದೇ ಜೀಮೇಲ್ ಖಾತೆಯಲ್ಲಿದ್ದು ಪಾಸ್‌ವರ್ಡ್ ನಿಮಗೊಬ್ಬರಿಗೇ ಗೊತ್ತಿದ್ದರೆ, ನಿಮಗೇನಾದರೂ ಆದಾಗ ಎಲ್ಲ ಹೋದಂತೆಯೇ. ನಂಬಿಕೆಯ ಒಬ್ಬರಿಗೆ ಶೀಟಿನ ಎಡಿಟ್ ಅನುಮತಿ ಕೊಟ್ಟಿರಿ. ಗೂಗಲ್ ಖಾತೆಯಲ್ಲಿ, ಇಷ್ಟು ತಿಂಗಳು ಬಳಸದಿದ್ದರೆ ಇಂಥವರಿಗೆ ಡೇಟಾ ಕೊಡು ಅಂತ ಹೇಳಿಡುವ ವ್ಯವಸ್ಥೆ ಇದೆ, ಅದನ್ನು ಆನ್ ಮಾಡಿ. ಮೂಲ ಫೋಟೋಗಳು, ನಿಖರ ಜಾಗಗಳ ಖಾಸಗಿ ಶೀಟು ಯಾವ ಹಾರ್ಡ್ ಡಿಸ್ಕಿನಲ್ಲಿವೆ, ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಅಂತ ಮನೆಯವರಿಗೆ ಒಂದು ಚೀಟಿ ಬರೆದಿಡಿ.